ಮನೆಮಾತು ಬಿಡಿಸದೆ ಮಾತು ಕಲಿಸುವುದು: ಕಾಸರಗೋಡಿನ ಮಕ್ಕಳಿಗೆ ಸ್ಪೀಚ್ ಥೆರಪಿ

ಎರಡೂವರೆ ವರ್ಷವಾದರೂ ಮಗು ಮಾತಾಡುತ್ತಿಲ್ಲ ಎಂದು ಚಿಂತೆ ಹತ್ತಿದ ಮನೆಯವರಿಗೆ ಕಾಸರಗೋಡಿನ ಕಡೆ ಮೊದಲು ಸಿಗುವ ಸಲಹೆ ಹೀಗಿರುತ್ತದೆ: “ಭಾಷೆ ಜಾಸ್ತಿಯಾಯಿತು, ಮನೆಯಲ್ಲಿ ಒಂದೇ ಭಾಷೆ ಮಾತಾಡಿ.” ಅಜ್ಜಿಯದು ಹವ್ಯಕ ಕನ್ನಡ, ತೋಟದ ಕೆಲಸಕ್ಕೆ ಬರುವವರದು ತುಳು, ಅಂಗನವಾಡಿ ಟೀಚರದು ಮಲಯಾಳ, ಮೊಬೈಲಿನದು ಇಂಗ್ಲಿಷ್. ಇಷ್ಟೆಲ್ಲ ಸೇರಿ ಮಗುವಿಗೆ ಗೊಂದಲವಾಗಿದೆ ಎಂಬುದು ಅವರ ಲೆಕ್ಕ. ಹೀಗೆ ಹೇಳುವವರಲ್ಲಿ ನೆರೆಕರೆಯವರೂ ಇದ್ದಾರೆ, ಟೀಚರುಗಳೂ ಇದ್ದಾರೆ, ಕೆಲವೊಮ್ಮೆ ಡಾಕ್ಟರೂ ಇರುತ್ತಾರೆ. ಮನೆಯವರು ನಂಬುತ್ತಾರೆ. ತಮಗೇ ಸರಾಗವಾಗಿ ಬಾರದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಲು ತೊಡಗುತ್ತಾರೆ. ವಾಕ್ಯಗಳು ಗಿಡ್ಡವಾಗುತ್ತವೆ, ಹಾಡು ಕತೆ ನಿಲ್ಲುತ್ತದೆ, ಅಜ್ಜಿ ಸುಮ್ಮನಾಗುತ್ತಾರೆ. ಹೆಚ್ಚು ಮಾತು ಕೇಳಬೇಕಾಗಿದ್ದ ಮಗುವಿಗೆ ಇದ್ದದ್ದೂ ಕಡಿಮೆಯಾಗುತ್ತದೆ.

ಈ ಸಲಹೆ ತಪ್ಪು. ಎರಡು ಮೂರು ಭಾಷೆ ಕೇಳುತ್ತ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಆಟಿಸಂ ಇರುವ, ಡೌನ್ ಸಿಂಡ್ರೋಮ್ ಇರುವ, ಕಿವಿ ಮಂದವಿರುವ ಮಕ್ಕಳು ಕೂಡ ತಮ್ಮ ಶಕ್ತಿಗೆ ತಕ್ಕಂತೆ ಎರಡು ಭಾಷೆ ಕಲಿಯುತ್ತಾರೆ. ತೊಂದರೆ ಇರುವ ಮಗುವಿಗೆ ಅದು ಒಂದು ಭಾಷೆಯಲ್ಲೂ ಇರುತ್ತದೆ, ಮೂರರಲ್ಲೂ ಇರುತ್ತದೆ. ಎರಡನ್ನು ಕಿತ್ತುಹಾಕಿದರೆ ಉಳಿದ ಒಂದು ನೆಟ್ಟಗಾಗುವುದಿಲ್ಲ. ಅಜ್ಜಿಯ ಜೊತೆಗಿನ ಮಾತು ಮಾತ್ರ ಹೋಗುತ್ತದೆ. ಗಡಿನಾಡಿನಲ್ಲಿ ಸ್ಪೀಚ್ ಥೆರಪಿ ಅಂದರೆ ಏನು, ಹೇಗೆ ನಡೆಯುತ್ತದೆ, ಓದುಬರಹಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೇ ನೋಡಬೇಕು.

ಉಚ್ಚಾರ, ಭಾಷೆ, ಸಂವಹನ

“ಸ್ಪೀಚ್ ಥೆರಪಿ” ಎಂಬ ಹೆಸರು ಅರ್ಧ ಮಾತ್ರ ಹೇಳುತ್ತದೆ. ಪೂರ್ತಿ ಹೆಸರು ವಾಕ್ ಮತ್ತು ಭಾಷಾ ಚಿಕಿತ್ಸೆ. ವಾಕ್ ಅಂದರೆ ಬಾಯಿಯಿಂದ ಧ್ವನಿ ಹೊರಡಿಸುವ ಕೆಲಸ: ಉಸಿರು, ಗಂಟಲು, ನಾಲಿಗೆ, ತುಟಿ. “ಕಾಗೆ” ಎನ್ನಲು ಹೋಗಿ “ತಾದೆ” ಎನ್ನುವ ಮಗುವಿನ ತೊಂದರೆ ಅಲ್ಲಿದೆ. ಭಾಷೆ ಅಂದರೆ ಪದ, ಅರ್ಥ, ವಾಕ್ಯ ಕಟ್ಟುವ ಬಗೆ, ಕೇಳಿದ್ದನ್ನು ತಿಳಿದುಕೊಳ್ಳುವುದು. ಸ್ಪಷ್ಟವಾಗಿ ಉಚ್ಚರಿಸುತ್ತದೆ, ಆದರೆ “ಚಪ್ಪಲಿ ಒಳಗಿಟ್ಟು ಕೈ ತೊಳೆದು ಬಾ” ಎಂದರೆ ನಿಂತು ಮುಖ ನೋಡುತ್ತದೆ ಎಂದಾದರೆ ತೊಂದರೆ ಇಲ್ಲಿದೆ. ಇವೆರಡಕ್ಕೂ ಮೊದಲಿನದು ಸಂವಹನ: ಕಣ್ಣಿಗೆ ಕಣ್ಣು ಕೊಡುವುದು, ಬೆರಳು ಮಾಡಿ ತೋರಿಸುವುದು, “ಅದು ನೋಡು” ಎಂದು ತನ್ನ ಕುತೂಹಲವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು. ಒಂದು ವರ್ಷದ ಮಗು ಎಷ್ಟು ಪದ ಹೇಳುತ್ತದೆ ಎಂಬುದಕ್ಕಿಂತ ಬೆರಳು ತೋರಿಸುತ್ತದೆಯೇ, ಹೆಸರು ಕರೆದರೆ ತಿರುಗುತ್ತದೆಯೇ ಎಂಬುದು ಥೆರಪಿಸ್ಟಿಗೆ ಹೆಚ್ಚು ಹೇಳುತ್ತದೆ.

ತಡ ಯಾವುದು? 12 ತಿಂಗಳಾದರೂ ಬಾಬಾ-ದಾದಾ ಎಂಬ ತೊದಲಿಲ್ಲ, ಬೆರಳು ತೋರಿಸುವುದಿಲ್ಲ. 16 ತಿಂಗಳಾದರೂ ಒಂದೂ ಪದವಿಲ್ಲ. ಎರಡು ವರ್ಷಕ್ಕೆ ಸುಮಾರು 50 ಪದಗಳಿಲ್ಲ, ಎರಡು ಪದ ಕೂಡಿಸಿ ಹೇಳುವುದಿಲ್ಲ. ಮೂರು ವರ್ಷಕ್ಕೆ ಮನೆಯವರಿಗೇ ಅರ್ಧದಷ್ಟು ಅರ್ಥವಾಗುವುದಿಲ್ಲ. ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ಬಂದ ಮಾತು ಹೋಯಿತು ಎಂದಾದರೆ ಯಾವ ವಯಸ್ಸಾದರೂ ಒಂದು ವಾರವೂ ಕಾಯಬಾರದು. “ಅಪ್ಪನೂ ತಡವಾಗಿಯೇ ಮಾತಾಡಿದ್ದು” ಎಂಬುದು ಕಾಯಲು ಕಾರಣವಲ್ಲ. ಕುಟುಂಬದಲ್ಲಿ ಹಾಗಿದ್ದರೆ ಇನ್ನಷ್ಟು ಬೇಗ ತೋರಿಸಲು ಅದೇ ಕಾರಣ.

ಈ ಎಣಿಕೆಯಲ್ಲಿ ನಮ್ಮ ಊರಿನಲ್ಲಿ ಆಗುವ ತಪ್ಪು ಒಂದಿದೆ. 50 ಪದ ಎಂದರೆ ಎಲ್ಲ ಭಾಷೆ ಸೇರಿ 50. ಮಗು “ಅನ್ನ” ಎನ್ನದೆ ತುಳುವಿನ “ನುಪ್ಪು” ಎಂದರೂ ಅದು ಪದವೇ. “ವೆಳ್ಳಂ ಬೋಡು” ಎಂದರೆ ಮಲಯಾಳದ ನೀರು, ತುಳುವಿನ ಬೇಕು: ಎರಡು ಪದದ ವಾಕ್ಯ, ಪೂರ್ತಿ ಅಂಕ. ಭಾಷೆ ಬೆರೆಸುವುದು ತೊಂದರೆಯ ಗುರುತಲ್ಲ, ನಮ್ಮ ಪೇಟೆಯಲ್ಲಿ ದೊಡ್ಡವರೂ ಹಾಗೆಯೇ ಮಾತಾಡುತ್ತಾರೆ. ಕನ್ನಡದ ಪದಗಳನ್ನಷ್ಟೇ ಎಣಿಸಿದರೆ ಸರಿಯಿರುವ ಮಗುವೂ ಹಿಂದುಳಿದಂತೆ ಕಾಣುತ್ತದೆ.

ಇನ್ನೊಂದು: ತುಳು ಮನೆಯ ಮಗು ಮಲಯಾಳದ ಅಂಗನವಾಡಿಗೆ ಹೋದಾಗ ಕೆಲವು ತಿಂಗಳು ಅಲ್ಲಿ ತುಟಿ ಬಿಚ್ಚದೆ ಇರಬಹುದು. ಅದು ಹೊಸ ಭಾಷೆಯನ್ನು ಕೇಳಿಸಿಕೊಳ್ಳುವ ಕಾಲ. ಮನೆಯಲ್ಲಿ ಪಟಪಟ ಮಾತಾಡುತ್ತಿದ್ದರೆ, ಅಂಗನವಾಡಿಯಲ್ಲೂ ಸನ್ನೆ ಮಾಡಿ ಆಟಕ್ಕೆ ಕೂಡುತ್ತಿದ್ದರೆ ಭಯ ಬೇಡ. ಹೊಸ ಭಾಷೆ ಎಂದರೆ ಸುಮಾರಾಗಿ ಒಂದೇ ಜಾಗದಲ್ಲಿ ಕಾಣುವ ಕೊರತೆ. ತೊಂದರೆ ಎಂದರೆ ಮನೆಮಾತಿನಲ್ಲೂ ಕಾಣುವ ಕೊರತೆ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ತನಿಖೆ ಮುಗಿದಂತೆ.

ವ್ಯಾಕರಣದಲ್ಲೂ ಹೀಗೆಯೇ. ಹವ್ಯಕ ಮನೆಯ ಮಗು ಶಾಲೆಯ ಕನ್ನಡದಲ್ಲಿ “ಅಕ್ಕ ಬಂತು” ಎಂದರೆ ಅದು ಲಿಂಗದ ತಪ್ಪಲ್ಲ. ಆ ಮನೆಮಾತಿನಲ್ಲಿ ಹೆಂಗಸರಿಗೂ “ಬಂತು” ಎಂದೇ ಬಳಕೆ. ಮಲಯಾಳದಲ್ಲಿ ಅವನಿಗೂ ಅವಳಿಗೂ ಅದಕ್ಕೂ “ವನ್ನು” ಒಂದೇ, ಹಾಗಾಗಿ ಮಲಯಾಳ ಮನೆಯ ಮಗು ಬಂದ, ಬಂದಳು, ಬಂತು ಬೆರೆಸಿಬಿಡುತ್ತದೆ. “ಸುಖ”ವನ್ನು “ಸುಕ” ಎನ್ನುವುದು, ಶ-ಷ-ಸ ಒಂದೇ ಆಗುವುದು ಕನ್ನಡದ ಎಷ್ಟೋ ಮನೆಗಳ ಸಹಜ ಮಾತು. ಇವನ್ನೆಲ್ಲ ರೋಗವೆಂದು ಬರೆದುಕೊಳ್ಳುವ ತಪಾಸಣೆ ಮಗುವಿಗೆ ಅನ್ಯಾಯ ಮಾಡುತ್ತದೆ.

ಮೊದಲು ಕಿವಿ

ಮಾತು ತಡವಾದ ಯಾವ ಮಗುವಿಗೂ ಮೊದಲ ಕೆಲಸ ಶ್ರವಣ ಪರೀಕ್ಷೆ. “ಬಾಗಿಲು ಬಡಿದರೆ ತಿರುಗುತ್ತಾನೆ, ಕಿವಿ ಸರಿಯಿದೆ” ಎಂಬುದು ಸಾಲದು. ಬಾಗಿಲಿನ ಸದ್ದು ಕೇಳುವ ಕಿವಿಗೆ “ಸ”, “ತ”, “ಪ” ಎಂಬ ಮೆಲುಧ್ವನಿಗಳು ಕೇಳದೆ ಇರಬಹುದು. ಮಳೆಗಾಲದಲ್ಲಿ ಶೀತ ಬಿಡದ ಮಕ್ಕಳ ಕಿವಿಪರದೆಯ ಹಿಂದೆ ನೀರು ನಿಂತು ವಾರಗಟ್ಟಲೆ ಕೇಳುವಿಕೆ ಮಂದವಾಗುತ್ತದೆ. ನೋವಿಲ್ಲದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಕೂಸುಗಳಿಗೆ ಒಎಇ (ಒಳಗಿವಿಯ ಪ್ರತಿಕ್ರಿಯೆ ನೋಡುವುದು) ಮತ್ತು ಬೆರಾ (ಸದ್ದಿಗೆ ನರ, ಮಿದುಳು ಕೊಡುವ ಪ್ರತಿಕ್ರಿಯೆ ನೋಡುವುದು) ಎಂಬ ಪರೀಕ್ಷೆಗಳಿವೆ. ಎರಡನ್ನೂ ಮಗು ನಿದ್ದೆಯಲ್ಲಿದ್ದಾಗಲೇ ಮಾಡಬಹುದು, ನೋವಿಲ್ಲ. ಲೋಕದ ಹಲವೆಡೆ ಪಾಲಿಸುವ ಗಡುವು 1-3-6: ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಕರಣ ಮತ್ತು ಥೆರಪಿ.

ಶ್ರವಣ ಸಾಧನ ಹಾಕಿದ ಮಗುವಿನ ಮನೆಯಲ್ಲಿ ಪ್ರತಿ ಬೆಳಿಗ್ಗೆ ಎರಡು ನಿಮಿಷದ ಪರೀಕ್ಷೆ ಮಾಡಿ. ಮಗುವಿನ ಹಿಂದೆ ಒಂದು ಮೀಟರ್ ದೂರ ನಿಂತು ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಸಾಮಾನ್ಯ ಗಟ್ಟಿಯಲ್ಲಿ ಹೇಳಬೇಕು; ಕೇಳಿದಾಗಲೆಲ್ಲ ಮಗು ಕೈಯೆತ್ತಬೇಕು. ಕ್ರಮ ದಿನವೂ ಬದಲಿಸಿ, ನಡುವಿನ ಅಂತರವನ್ನೂ ಬದಲಿಸಿ, ಇಲ್ಲದಿದ್ದರೆ ಮಗು ಊಹಿಸಿ ಕೈಯೆತ್ತುತ್ತದೆ. ನಿನ್ನೆ ಕೇಳಿದ “ಸ್” ಇಂದು ಕೇಳದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಕಿವಿಯಲ್ಲಿ ಕೂರುವ ಅಚ್ಚಿನೊಳಗಿನ ಗುಗ್ಗೆ, ಆಮೇಲೆ ನಳಿಗೆಯೊಳಗಿನ ನೀರಹನಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯ ತೇವ ಈ ಯಂತ್ರಗಳಿಗೆ ದೊಡ್ಡ ಶತ್ರು. ರಾತ್ರಿ ಬ್ಯಾಟರಿ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಕಾಳು ಹಾಕಿದ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಾಧನವನ್ನಿಡಬೇಕು. ಕಾಳುಗಳ ಬಣ್ಣ ಬದಲಾದರೆ ಹೊಸದು ಹಾಕಬೇಕು. ಸಾಧನದಿಂದಲೂ ಕೇಳದಷ್ಟು ಕಿವುಡಿದ್ದರೆ 5 ವರ್ಷದೊಳಗಿನ ಮಕ್ಕಳಿಗೆ ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಸಾಧನ, ಸಿಗುತ್ತದೆ. ಆದರೆ ಶಸ್ತ್ರಚಿಕಿತ್ಸೆಯಿಂದ ಸಿಗುವುದು ಸದ್ದು ಮಾತ್ರ. ಸದ್ದನ್ನು ಮಾತಾಗಿಸಲು ವರ್ಷಗಳ ಥೆರಪಿ ಬೇಕು.

ಬಜೆ, ಅಂದರೆ ಮಲಯಾಳದ ವಯಂಬು, ತೇದು ಜೇನಿನಲ್ಲಿ ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ ಎಂಬ ನಂಬಿಕೆ ಎರಡೂ ಭಾಷೆಯ ಮನೆಗಳಲ್ಲಿದೆ. ಮಾತು ಹುಟ್ಟುವುದು ಮಿದುಳಿನಲ್ಲಿ, ನಾಲಿಗೆಯ ಮೇಲಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಪ್ರಾಣಕ್ಕೇ ಅಪಾಯ. ನಾಲಿಗೆಯ ಅಡಿಯ ದಾರ ಕತ್ತರಿಸಿದರೆ ಮಾತು ಬರುತ್ತದೆ ಎಂಬುದೂ ಹಾಗೆಯೇ. ಬಿಗಿದ ದಾರದಿಂದ ಮೊಲೆಹಾಲು ಚೀಪಲು ಕಷ್ಟವಾಗಬಹುದು, ಒಂದೆರಡು ಧ್ವನಿ ಮಸುಕಾಗಬಹುದು. ಪದಗಳೇ ಇಲ್ಲದಿರುವುದಕ್ಕೆ ಅದು ಕಾರಣವಲ್ಲ.

ಮೊದಲ ಭೇಟಿ

ಮೊದಲ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಹತ್ತು ನಿಮಿಷದಲ್ಲಿ “ವಾರಕ್ಕೆ ಎರಡು ಸಲ ಬನ್ನಿ” ಎಂದು ಚೀಟಿ ಕೊಟ್ಟರೆ ಅದು ತಪಾಸಣೆಯಲ್ಲ. ಹೆರಿಗೆಯಿಂದ ಇಂದಿನವರೆಗಿನ ವಿವರ, ಬಾಯಿಯ ಪರೀಕ್ಷೆ, ಆಟವಾಡುತ್ತ ಮಗು ಏನು ಮಾಡುತ್ತದೆ ಎಂಬ ಗಮನ, ಮಾತಿನ ಮಾದರಿ, ಇವೆಲ್ಲ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದ ಮೇಲೆ ಕನ್ನಡದಲ್ಲೇ ಉಚ್ಚಾರದ, ಭಾಷೆಯ ಪರೀಕ್ಷೆಗಳು ರೂಪುಗೊಂಡಿವೆ. ಆದರೆ ಚಿತ್ರ ತೋರಿಸಿ ಮೈಸೂರಿನ ಪದವನ್ನೇ ಕಾಯುತ್ತ ಕೂತರೆ ನಮ್ಮ ಮಗುವಿನ ತಿಳಿವು ಹೊರಬರುವುದಿಲ್ಲ. ಅಂಗಳವನ್ನು “ಜಾಲು” ಎಂದ ಮಗುವಿಗೆ ಪದ ಗೊತ್ತಿದೆ.

ಹೋಗುವ ಮೊದಲು ಮನೆಯವರು ಮೂರು ವಿಡಿಯೊ ಮಾಡಿಕೊಳ್ಳಿ, ತಲಾ ಎರಡು ಮೂರು ನಿಮಿಷ: ಒಬ್ಬನೇ ಆಡುವುದು, ಊಟ ಮಾಡುವುದು, ಹೆಚ್ಚು ಸಲಿಗೆ ಇರುವವರ ಜೊತೆ ಇರುವುದು. ಹೊಸ ಕೋಣೆಯಲ್ಲಿ ಅಳುವ ಮಗುವಿಗಿಂತ ಇವು ಹೆಚ್ಚು ತೋರಿಸುತ್ತವೆ. ಮಗು ಹೇಳುವ ಎಲ್ಲ ಪದಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಭಾಷೆ ಯಾವುದಾದರೂ ಇರಲಿ. ಯಾರು ಯಾವ ಭಾಷೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಮಗುವಿನ ಜೊತೆ ಇರುತ್ತಾರೆ ಎಂಬುದನ್ನೂ ಬರೆಯಿರಿ.

ಭೇಟಿ ಮುಗಿಯುವಾಗ ನಿಮ್ಮ ಕೈಯಲ್ಲಿ ಗುರಿ ಇರಬೇಕು, ಅಳೆಯಬಹುದಾದ ಗುರಿ. “ಮಾತು ಸುಧಾರಿಸುವುದು” ಗುರಿಯಲ್ಲ. “ಎರಡು ತಿಂಗಳೊಳಗೆ, ಊಟದ ಹೊತ್ತಿನಲ್ಲಿ, ಹತ್ತರಲ್ಲಿ ಎಂಟು ಸಲ, ಅಳದೆ, ಕೈ ತೋರಿಸಿಯೋ ಪದ ಹೇಳಿಯೋ ಬೇಕಾದ್ದನ್ನು ಕೇಳುವುದು” ಎಂಬುದು ಗುರಿ.

ದಿನದ ಹನ್ನೆರಡು ಗಂಟೆ

ಮೂರು ವರ್ಷದ ಮಗು ವಾರಕ್ಕೆ ಸುಮಾರು 84 ಗಂಟೆ ಎಚ್ಚರವಿರುತ್ತದೆ. ವಾರಕ್ಕೆ ಎರಡು ಸಲ 45 ನಿಮಿಷದ ಥೆರಪಿ ಎಂದರೆ ಒಂದೂವರೆ ಗಂಟೆ. ಉಳಿದ ಎಂಬತ್ತೆರಡೂವರೆ ಗಂಟೆ ಮನೆಯದು. ಆದ್ದರಿಂದಲೇ ಒಳ್ಳೆಯ ಥೆರಪಿಸ್ಟ್ ಮಗುವಿಗಿಂತ ಹೆಚ್ಚಾಗಿ ಮನೆಯವರಿಗೆ ಕಲಿಸುತ್ತಾರೆ, ಮತ್ತು ಮನೆಮಾತಿಗೆ ಇಷ್ಟು ಬೆಲೆ ಇರುವುದೂ ಇದೇ ಕಾರಣಕ್ಕೆ.

ಮಾತು ಬಾರದ ಮಗುವಿನ ಜೊತೆ ನಮ್ಮಲ್ಲಿ ದೊಡ್ಡವರೆಲ್ಲ ಪರೀಕ್ಷಕರಾಗುತ್ತಾರೆ: “ಇದೆಂತ? ಅದೆಂತ? ಅಮ್ಮ ಹೇಳು. ಹೇಳು ಮಗಾ, ಹೇಳಿದರೆ ಚಾಕಲೇಟು.” ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ದಿನಕ್ಕೆ ನೂರು ಸಲ ಕೇಳಿಸಿಕೊಂಡರೆ ಯಾರೇ ಆದರೂ ಬಾಯಿ ಮುಚ್ಚುತ್ತಾರೆ. ಪ್ರಶ್ನೆ ಒಂದಿದ್ದರೆ ಸುಮ್ಮನೆ ಹೇಳುವ ಮಾತು ನಾಲ್ಕಿರಲಿ. ಮಗು ದನ ನೋಡುತ್ತಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಖ ಮಗುವಿನ ಮಟ್ಟಕ್ಕೆ ತಂದು, “ದನ. ದನ ಹುಲ್ಲು ತಿನ್ನುತ್ತದೆ. ದೊಡ್ಡ ದನ” ಎನ್ನಿ. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಕಾಯುವುದೇ ಎಲ್ಲಕ್ಕಿಂತ ಕಷ್ಟದ್ದು. ಹೆಚ್ಚಿನವರು ಎರಡು ಸೆಕೆಂಡಿಗೆ ಸೋತು ತಾವೇ ಉತ್ತರ ಹೇಳಿಬಿಡುತ್ತಾರೆ, ಮಗು ಬಾಯಿ ತೆರೆಯುವಷ್ಟರಲ್ಲಿ ಸರದಿ ಮುಗಿದಿರುತ್ತದೆ.

ಮಗು “ಹಾಲು” ಎಂದರೆ “ಬಿಸಿ ಹಾಲು” ಎನ್ನಿ. “ಬಿಸಿ ಹಾಲು” ಎಂದರೆ “ಬಿಸಿ ಹಾಲು ಬೇಕು” ಎನ್ನಿ. ಮಗುವಿನ ಮಾತಿಗೆ ಒಂದು ಪದ ಮಾತ್ರ ಸೇರಿಸುವುದು ನಿಯಮ. “ಹಾಗಲ್ಲ, ಸರಿಯಾಗಿ ಹೇಳು” ಎನ್ನಬೇಡಿ. ಸರಿಯಾದ ರೂಪವನ್ನು ನೀವೇ ಹೇಳಿ ಮುಂದೆ ಹೋಗಿ. ಎರಡು ವಸ್ತು ಎದುರಿಗೆ ಹಿಡಿದು “ಬಾಳೆಹಣ್ಣಾ, ಹಪ್ಪಳವಾ?” ಎಂದು ಕೇಳಿದರೆ ಮಗುವಿಗೆ ಉತ್ತರದ ಪದ ಪ್ರಶ್ನೆಯಲ್ಲೇ ಸಿಗುತ್ತದೆ. ಬೇಕಾದ್ದನ್ನೆಲ್ಲ ಕೇಳುವ ಮೊದಲೇ ಕೈಗೆ ಕೊಡುವ ಮನೆಯಲ್ಲಿ ಮಾತಿನ ಅಗತ್ಯವೇ ಹುಟ್ಟುವುದಿಲ್ಲ. ಆಟದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಕೊಡಿ, ಬಟ್ಟಲಿಗೆ ಎರಡೇ ತುಂಡು ಹಾಕಿ ಕಾಯಿರಿ. ಎರಡು ವಾರಕ್ಕೆ ಎಂಟು ಹತ್ತು ಪದ ಆಯ್ದುಕೊಳ್ಳಿ. ಆಯ್ಕೆಯಲ್ಲಿ ಬಣ್ಣ, ಪ್ರಾಣಿಗಳಿಗಿಂತ “ಬೇಕು, ಬೇಡ, ಇನ್ನೂ, ಸಾಕು, ಕೊಡು, ತೆಗೆ, ಹೋಗುವ” ಎಂಬಂಥ ಪದಗಳು ಮುಂದಿರಲಿ. “ಜಿರಾಫೆ” ಕಲಿತ ಮಗುವಿಗೆ ಅದನ್ನು ಬಳಸಲು ಕುಂಬಳೆಯಲ್ಲಿ ಅವಕಾಶ ಎಲ್ಲಿದೆ? ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಇದನ್ನು ಮನಸ್ಸಿಟ್ಟು ಮಾಡಿದರೆ ಉಳಿದ ಹೊತ್ತಿಗೂ ಅದೇ ಅಭ್ಯಾಸ ಹಿಡಿಯುತ್ತದೆ.

ಮೊಬೈಲ್: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಮೊಬೈಲಿನಿಂದ ಇಂಗ್ಲಿಷ್ ಎ-ಬಿ-ಸಿ ಹೇಳುವ, ಆದರೆ ನೀರು ಕೇಳಲು ಬಾರದ ಮಗು ಮಾತು ಕಲಿತಿಲ್ಲ.

ಕಾಗೆ ಮತ್ತು ತಾದೆ

ಉಚ್ಚಾರದ ಕೆಲಸಕ್ಕೆ ಕ್ರಮವಿದೆ. ಪ, ಬ, ಮ ಬೇಗ ಬರುತ್ತವೆ. ರ, ಳ, ಶ ಕಡೆಗೆ ಕೂಡಿಕೊಳ್ಳುತ್ತವೆ. ಮೂರು ವರ್ಷದ ಮಗು “ಮರ”ವನ್ನು “ಮಲ” ಎಂದರೆ ಕಾಯಬಹುದು. ನಾಲ್ಕು ದಾಟಿದ ಮೇಲೂ “ಕ”ವನ್ನೆಲ್ಲ “ತ” ಮಾಡಿದರೆ ಕೆಲಸ ಹಿಡಿಯಬೇಕು.

ಮೊದಲು ಕಿವಿಗೆ ವ್ಯತ್ಯಾಸ ತಿಳಿಯಬೇಕು. “ಕಲೆ” ಮತ್ತು “ತಲೆ” ಎಂಬ ಎರಡು ಚಿತ್ರಗಳನ್ನಿಟ್ಟು ನೀವು ಹೇಳಿದ್ದನ್ನು ಮಗು ತೋರಿಸಬೇಕು. ಹತ್ತಕ್ಕೆ ಎಂಟು ಸಲ ಸರಿಯಾದರೆ ಬಾಯಿಯ ಕೆಲಸ. “ಕ” ಹೊರಡುವುದು ನಾಲಿಗೆಯ ಹಿಂಭಾಗ ಮೇಲೆದ್ದಾಗ. ಚಾಪೆಯಲ್ಲಿ ಅಂಗಾತ ಮಲಗಿಸಿದರೆ ನಾಲಿಗೆ ತಾನೇ ಹಿಂದೆ ಸರಿಯುತ್ತದೆ. ತೊಳೆದ ಚಮಚದ ಹಿಡಿಯಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಕೆಳಗೆ ಒತ್ತಿ “ತ” ಹೇಳಿಸಿದರೆ “ಕ” ಬರುತ್ತದೆ. ಒಮ್ಮೆ ಬಂದ ಮೇಲೆ ಕೋ, ಕೂ, ಕಾ ಮೊದಲು. ಕೀ, ಕೇ ಆಮೇಲೆ, ಏಕೆಂದರೆ ಇ ಮತ್ತು ಎ ಸ್ವರಗಳು ನಾಲಿಗೆಯನ್ನು ಮತ್ತೆ ಮುಂದಕ್ಕೆ ಎಳೆಯುತ್ತವೆ. ಆಮೇಲೆ ಪದದ ಮೊದಲಲ್ಲಿ (ಕಾಲು, ಕೋಳಿ), ನಡುವೆ (ಬೇಕು, ಅಡಿಕೆ), ಒತ್ತಿನಲ್ಲಿ (ಅಕ್ಕ, ಹಕ್ಕಿ), ಆಮೇಲೆ ಎರಡು ಪದದ ಮಾತು, ವಾಕ್ಯ, ಕಡೆಗೆ ಕತೆ. ಪ್ರತಿ ಮೆಟ್ಟಿಲಲ್ಲೂ ಎರಡು ಮೂರು ಸಲ ಬಿಡದೆ ನೂರಕ್ಕೆ 80 ಸರಿಯಾದ ಮೇಲೆ ಮುಂದಿನದು. ಇಂಗ್ಲಿಷ್ ಕೈಪಿಡಿಗಳು ಪದದ ಕೊನೆಯ ವ್ಯಂಜನಕ್ಕೆ ಬಹಳ ಕಾಲ ಕೊಡುತ್ತವೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ; ನಮಗೆ ಆ ಕಾಲವನ್ನು ಒತ್ತಕ್ಷರಕ್ಕೆ ಕೊಡುವುದು ಲಾಭ. ಮಲಯಾಳಕ್ಕಾದರೆ ಅವನ್, ಮಗಳ್ ಎಂದು ಕೊನೆಯ ವ್ಯಂಜನವೂ ಬೇಕು.

ಜೋಡಿ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ: ಹುಲಿ-ಹುಳಿ, ಬಲೆ-ಬಳೆ, ಕಲಿ-ಕರಿ. “ಬಲೆ ಕೊಡು” ಎಂದ ಮಗುವಿಗೆ ಬಳೆಯ ಬದಲು ಬಲೆಯ ಚಿತ್ರವನ್ನೇ ಕೊಡಿ. ತನ್ನ ನಾಲಿಗೆಯಿಂದಲೇ ಅರ್ಥ ಬದಲಾಯಿತು ಎಂದು ಅದಕ್ಕೆ ಗೊತ್ತಾಗುವ ಕ್ಷಣ ಹತ್ತು ಸಲ ತಿದ್ದಿದ್ದಕ್ಕೆ ಸಮ.

ಪೀಪಿ ಊದಿಸುವುದು, ಮೇಣದ ಬತ್ತಿ ಆರಿಸುವುದು, ನಾಲಿಗೆ ಹೊರಗೆ ಒಳಗೆ ಮಾಡಿಸುವುದರಲ್ಲೇ ಅರ್ಧ ಗಂಟೆ ಹೋಗುವ ಥೆರಪಿ ಇನ್ನೂ ಇದೆ. ಊದುವುದರಿಂದ ಊದುವ ಅಭ್ಯಾಸವಾಗುತ್ತದೆ; “ಕ” ಬರಬೇಕಾದರೆ “ಕ” ಹೇಳಿಯೇ ಅಭ್ಯಾಸವಾಗಬೇಕು. ಅರ್ಧ ಗಂಟೆಯಲ್ಲಿ ಮಗು ಗುರಿಯ ಧ್ವನಿಯನ್ನು ಎಷ್ಟು ಸಲ ಹೇಳಿತು ಎಂದು ನೀವೇ ಎಣಿಸಿ ನೋಡಿ. ನೂರರ ಹತ್ತಿರ ಇದ್ದರೆ ಒಳ್ಳೆಯದು.

ಉಗ್ಗಿನ ವಿಚಾರ ಬೇರೆ. ಎರಡರಿಂದ ಐದು ವರ್ಷದೊಳಗೆ ಎಷ್ಟೋ ಮಕ್ಕಳು ಸ್ವಲ್ಪ ಕಾಲ ಉಗ್ಗುತ್ತಾರೆ, ಹಲವರಲ್ಲಿ ತಾನೇ ಹೋಗುತ್ತದೆ. ಆರು ತಿಂಗಳು ದಾಟಿದರೆ, ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ, ಕಣ್ಣು ಮುಚ್ಚಿ ಕುತ್ತಿಗೆ ಬಿಗಿದು ಮಾತು ಹೊರಡಿಸಲು ಹೆಣಗಿದರೆ ತೋರಿಸಿ. “ಉಸಿರೆಳೆದು ನಿಧಾನ ಹೇಳು” ಎನ್ನಬೇಡಿ, ವಾಕ್ಯ ನೀವು ಮುಗಿಸಿಕೊಡಬೇಡಿ. ನೀವೇ ನಿಧಾನವಾಗಿ ಮಾತಾಡಿ, ಮಗು ಏನು ಹೇಳುತ್ತಿದೆ ಎಂಬುದನ್ನು ಕೇಳಿ.

ಬಾಯಿಂದ ಬಾರದ ಮಾತು

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ನಮಗೆಲ್ಲ ಗೊತ್ತಿದೆ. ಅದರ ಸಂತ್ರಸ್ತರ ಪಟ್ಟಿಯಲ್ಲಿರುವ, ಅಂಗವಿಕಲ ಮಕ್ಕಳಿಗೆಂದು ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿಗೆ ಹೋಗುವ ಎಷ್ಟೋ ಮಕ್ಕಳಿಗೆ ಸ್ನಾಯುಗಳ ಹಿಡಿತವಿಲ್ಲದೆ ಬಾಯಿಮಾತು ಹೊರಡುವುದಿಲ್ಲ. ಮಾತು ಹೊರಡದ ಮಗುವಿಗೆ ಹೇಳಲಿಕ್ಕೆ ಏನೂ ಇಲ್ಲ ಎಂದು ತಿಳಿಯುವುದು ದೊಡ್ಡ ತಪ್ಪು. ಇಂಥ ಮಕ್ಕಳಿಗೆ ಚಿತ್ರದ ಹಲಗೆ, ಸನ್ನೆ, ಮಾತಾಡುವ ಟ್ಯಾಬ್ ಇವೆಲ್ಲ ನಿಜವಾದ ಭಾಷೆಯೇ. ಚಿತ್ರ ಕೊಟ್ಟರೆ ಮಾತಿಗೆ ಸೋಮಾರಿಯಾಗುತ್ತದೆ ಎಂಬ ಹೆದರಿಕೆ ಬೇಡ. ಬಾಯಿಮಾತು ಬರಲಿದ್ದ ಮಗುವಿಗೆ ಅದು ಸಹಾಯವನ್ನೇ ಮಾಡುತ್ತದೆ.

ಎ4 ಹಾಳೆಯಲ್ಲಿ 8 ಮನೆ ಮಾಡಿ. ಮನೆಯ ಚೆಂಬು, ಮನೆಯ ಹಾಸಿಗೆ, ಅಮ್ಮನ ಮುಖ, ಇವುಗಳ ಫೋಟೊ ತೆಗೆದು ಅಂಟಿಸಿ. ಬೇಕು, ಸಾಕು, ನೋವು ಎಂಬುದಕ್ಕೂ ಚಿತ್ರವಿರಲಿ. ಲ್ಯಾಮಿನೇಷನ್ ಮಾಡಿಸಿ, ಮಳೆಗಾಲಕ್ಕೆ ಅದು ಅಗತ್ಯ. ಕೈ ಓಡದ ಮಗುವಾದರೆ ನಾಲ್ಕು ಮೂಲೆಗೆ ನಾಲ್ಕೇ ಚಿತ್ರ ಸಾಕು, ಕಣ್ಣಿನ ನೋಟದಿಂದ ಆರಿಸಬಹುದು. ಮುಖ್ಯವಾದದ್ದು ಇದು: ಮೊದಲ ಕೆಲವು ವಾರ ಹಲಗೆಯನ್ನು ಬಳಸಬೇಕಾದವರು ನೀವು. “ನೀರು ಬೇಕಾ” ಎನ್ನುತ್ತ ನೀವೇ ಎರಡು ಚಿತ್ರ ಮುಟ್ಟಬೇಕು. ಕಪಾಟಿನಲ್ಲಿಟ್ಟು ಥೆರಪಿಯ ದಿನ ಮಾತ್ರ ತೆಗೆಯುವ ಹಲಗೆಯಿಂದ ಯಾವ ಮಗುವೂ ಮಾತಾಡಿಲ್ಲ.

ಶಾಲೆಯ ಚೀಲಕ್ಕೆ

ಮಾತಿನ ತೊಂದರೆ ಒಂದನೇ ಕ್ಲಾಸಿನಲ್ಲಿ ಓದಿನ ತೊಂದರೆಯಾಗಿ ಮತ್ತೆ ತಲೆಯೆತ್ತುತ್ತದೆ. ಓದು ನಿಂತಿರುವುದು ಕೇಳಿದ ಮಾತನ್ನು ಬಿಡಿಸಿ ನೋಡುವ ಶಕ್ತಿಯ ಮೇಲೆ. ಕನ್ನಡದ ಮಗುವಿಗೆ “ಅ-ಡಿ-ಕೆ” ಎಂದು ಚಪ್ಪಾಳೆ ತಟ್ಟಿ ಅಕ್ಷರ ಬಿಡಿಸುವುದು ಬೇಗ ಬರುತ್ತದೆ. “ಕಿ”ಯೊಳಗೆ ಕ್ ಮತ್ತು ಇ ಇವೆ ಎಂಬುದು ತಡವಾಗಿ ತಿಳಿಯುತ್ತದೆ. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳನ್ನು ಹಿಡಿಯಲು ಸಾಮಾನ್ಯ ಮಗುವಿಗೂ ಮೂರು ನಾಲ್ಕನೇ ಕ್ಲಾಸಿನವರೆಗೆ ಕಾಲ ಬೇಕು. ತೊಂದರೆ ಇರುವ ಮಗು ಹ್ರಸ್ವ-ದೀರ್ಘದಲ್ಲಿ (ಬಲ-ಬಾಲ), ಒತ್ತಿನಲ್ಲಿ (ಕತೆ-ಕತ್ತೆ, ಬಳಿ-ಬಳ್ಳಿ) ಮುಗ್ಗರಿಸುತ್ತದೆ. ಅರ್ಕಾವತ್ತು ಇನ್ನೂ ಕಷ್ಟ: “ಸೂರ್ಯ”ದಲ್ಲಿ ರ್ ಕೇಳುವುದು ಮೊದಲು, ಬರೆಯುವುದು ಕೊನೆಗೆ. ಅದೇ ಮಗು ಮಲಯಾಳ ಲಿಪಿಯನ್ನೂ ಕಲಿಯಬೇಕಾಗುತ್ತದೆ, ಅದರ ಕೂಡಕ್ಷರಗಳ ನಿಯಮ ಬೇರೆ.

ಇದಕ್ಕೆ ಹತ್ತು ಸಲ ಬರೆಸುವುದು ಮದ್ದಲ್ಲ. ಕಿವಿಯಿಂದ ಹೊರಡಬೇಕು. “ಅಡಿಕೆ”ಯಲ್ಲಿ ಮೊದಲಿನದು ತೆಗೆದರೆ? “ಬಾಲ”ವನ್ನು ಗಿಡ್ಡ ಮಾಡಿದರೆ? “ಕತೆ”ಗೆ ಒತ್ತು ಕೊಟ್ಟರೆ? ದಿನಕ್ಕೆ ಐದು ನಿಮಿಷ ಬಾಯಿಮಾತಿನ ಆಟ, ಆಮೇಲೆ ಅದೇ ಪದಗಳು ಸ್ಲೇಟಿನಲ್ಲಿ. ಇದರ ಜೊತೆ ಕತೆ: ಮೂರು ಚಿತ್ರವಿಟ್ಟು ಮೊದಲು ಎಂತಾಯಿತು, ಆಮೇಲೆ ಎಂತಾಯಿತು, ಯಾಕೆ ಎಂದು ಹೇಳಿಸುವುದು. ಇದನ್ನು ಮೊದಲು ಮನೆಮಾತಿನಲ್ಲಿ ಹೇಳಲಿ. ಕತೆ ಕಟ್ಟುವ ಶಕ್ತಿ ಒಂದು ಭಾಷೆಯಲ್ಲಿ ಬೆಳೆದರೆ ಇನ್ನೊಂದಕ್ಕೂ ಸಾಗುತ್ತದೆ. “ಉಳಿದದ್ದು ಎಷ್ಟು”, “ಹೆಚ್ಚು ಯಾವುದು” ಎಂಬ ಪದ ತಿಳಿಯದೆ ಲೆಕ್ಕ ತಪ್ಪುವ ಮಕ್ಕಳು ಗಣಿತದಲ್ಲಿ ಹಿಂದೆ ಎನಿಸಿಕೊಳ್ಳುತ್ತಾರೆ. ಅಂಥವರಿಗೆ ಬೇಕಾಗಿರುವುದು ಭಾಷೆಯ ಸಹಾಯ.

ಕ್ಲಾಸಿನಲ್ಲಿ ಟೀಚರು ಮಾಡಬಹುದಾದದ್ದು: ಗೋಡೆಯ ಫ್ಯಾನಿನಿಂದ ದೂರ, ಮುಖ ಕಾಣುವಂತೆ ಎರಡನೇ ಸಾಲಿನಲ್ಲಿ ಕೂರಿಸುವುದು, ಬೋರ್ಡಿಗೆ ತಿರುಗಿ ಮಾತಾಡದಿರುವುದು, ಒಂದು ಸಲಕ್ಕೆ ಒಂದೇ ಸೂಚನೆ ಕೊಟ್ಟು “ಎಂತ ಮಾಡಬೇಕು?” ಎಂದು ಮಗುವಿನಿಂದಲೇ ಹೇಳಿಸುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ತೊಂದರೆ, ಕಲಿಕಾ ತೊಂದರೆ, ಆಟಿಸಂ ಎಲ್ಲವೂ ಇವೆ. ಎಸ್ಎಸ್ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಬೇಕಾದರೆ ದಾಖಲೆಗಳನ್ನು ಪರೀಕ್ಷೆಯ ತಿಂಗಳಲ್ಲಿ ಹುಡುಕದೆ ಎಂಟನೇ ಕ್ಲಾಸಿನಲ್ಲೇ ಜೋಡಿಸಿ.

ಥೆರಪಿಸ್ಟಿಗೆ ಮಲಯಾಳ, ಮನೆಗೆ ಕನ್ನಡ

ಚಿಕ್ಕ ಮಕ್ಕಳಾದರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಶಾಲೆಯ ಮಕ್ಕಳಾದರೆ ಬ್ಲಾಕ್ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಗೆ ಹೋಗುವುದು ದಾರಿ. ಎಲ್ಲಿ ಹೋದರೂ ಥೆರಪಿಸ್ಟರ ಬಳಿ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. ಕೇಳುವುದು ಮರ್ಯಾದೆಗೇಡಲ್ಲ, ನಿಮ್ಮ ಹಕ್ಕು. ಕನ್ನಡ, ತುಳು ಬಲ್ಲವರು ಬೇಕೆಂದು ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುವವರು ಬಹಳ. ವಾರಕ್ಕೆರಡು ಸಲ ಬಸ್ಸು ಹಿಡಿದು ಮೂರೇ ತಿಂಗಳಿಗೆ ಸುಸ್ತಾಗಿ ನಿಲ್ಲಿಸುವುದಕ್ಕಿಂತ ತಿಂಗಳಿಗೊಮ್ಮೆ ಹೋಗಿ ಮನೆಯ ಕೆಲಸ ಕಲಿತು ಬರುವುದು, ನಡುವೆ ವಿಡಿಯೊ ಕರೆಯಲ್ಲಿ ತೋರಿಸುವುದು ಮೇಲು.

ಹತ್ತಿರ ಸಿಗುವವರಿಗೆ ಮಲಯಾಳ ಮಾತ್ರ ಬರುವುದಾದರೆ ಅದೂ ನಡೆಯುತ್ತದೆ, ಸ್ವಲ್ಪ ಏರ್ಪಾಡು ಬೇಕು. ಕಾಯುವುದು, ಒಂದು ಪದ ಸೇರಿಸುವುದು, ಆಯ್ಕೆ ಕೊಡುವುದು ಯಾವ ಭಾಷೆಯಲ್ಲೂ ಒಂದೇ. ಕ, ತ, ರ, ಳ ಎರಡರಲ್ಲೂ ಇವೆ. ಪದಪಟ್ಟಿ ಮತ್ತು ವಾಕ್ಯಗಳು ಮಾತ್ರ ನಿಮ್ಮವಾಗಬೇಕು. ಗುರಿಯ ಧ್ವನಿ ಇರುವ ಮನೆಮಾತಿನ 20 ಪದಗಳನ್ನು ನೀವೇ ಬರೆದು ಒಯ್ಯಿರಿ. ಬಂದ-ಬಂದಳು-ಬಂತು ಎಂಬ ವ್ಯತ್ಯಾಸ ನಿಮ್ಮ ಮನೆಯಲ್ಲಿ ಹೇಗೆ ಎಂದು ಮೊದಲೇ ಹೇಳಿಬಿಡಿ. ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರನ್ನು, ಅದು ಅಜ್ಜಿಯಾಗಿದ್ದರೆ ಅಜ್ಜಿಯನ್ನೇ, ಒಳಗೆ ಕರೆದೊಯ್ಯಿರಿ. ಬಾಗಿಲ ಹೊರಗೆ ಬೆಂಚಿನಲ್ಲಿ ಕಾಯುವ ಥೆರಪಿಗೆ ಒಪ್ಪಬೇಡಿ. ಪ್ರತಿ ಭೇಟಿಯ ಕೊನೆಯ ಹತ್ತು ನಿಮಿಷ ಥೆರಪಿಸ್ಟ್ ಸುಮ್ಮನಿರಲಿ. ಅಜ್ಜಿ ಚಾಪೆಯಲ್ಲಿ ಕೂತು, ತಮ್ಮದೇ ಮಾತಿನಲ್ಲಿ, ಅದೇ ಚಿತ್ರಗಳನ್ನಿಟ್ಟು ಮಗುವಿನ ಜೊತೆ ಆಡಲಿ. ಎಲ್ಲಿ ಬೇಗ ಉತ್ತರ ಹೇಳಿಬಿಟ್ಟರು, ಎಲ್ಲಿ ಇನ್ನೂ ಐದು ಸೆಕೆಂಡು ಕಾಯಬೇಕಿತ್ತು ಎಂದು ಥೆರಪಿಸ್ಟ್ ಆಮೇಲೆ ತೋರಿಸಿಕೊಡಲಿ. ಅದಕ್ಕೆ ಅವರಿಗೆ ಹವ್ಯಕವೋ ತುಳುವೋ ಗೊತ್ತಿರಬೇಕಾಗಿಲ್ಲ.